ಸ್ಪೀಕರ್ ಪರೀಕ್ಷೆಗೆ ಸಿಕ್ಕಿದ ದನಿ

ಕೋವಿಡ್ ಕಾಲ ಕಳೆದು ಪ್ರವಾಸಿಗರು ಮತ್ತೆ ಕೊಡಗಿಗೆ ಮುಗಿಬಿದ್ದ ವರ್ಷ. ರೇಡಿಯೊ ಕೇಂದ್ರವೊಂದರಲ್ಲಿ ಧ್ವನಿಮುದ್ರಣ ಎಂಜಿನಿಯರ್ ಆಗಿದ್ದು ನಿವೃತ್ತಳಾಗಿದ್ದ ನನ್ನನ್ನು ಕುಶಾಲನಗರದ ಒಂದು ಕಾರ್ ಆಡಿಯೊ ಅಂಗಡಿಯವರು ಸಲಹೆಗಾರ್ತಿಯಾಗಿ ಕರೆದರು. ಮಾಲೀಕ ಸುರೇಶ್ ನನ್ನ ಮಗನ ವಯಸ್ಸಿನವ, ಹಾಸನದ ಕಡೆಯಿಂದ ಬಂದು ನೆಲೆಸಿದ ರೈತರ ಮನೆಯ ಹುಡುಗ. ಕಾರಿಗೆ ಹೊಸ ಸಿಸ್ಟಮ್ ಕೂರಿಸಿದ ಮೇಲೆ ಅದರ ಧ್ವನಿ ಪರೀಕ್ಷಿಸುವುದು, ಪರೀಕ್ಷೆಗೆ ತಕ್ಕ ಸಂಗೀತ ಆರಿಸಿಕೊಡುವುದು ನನ್ನ ಕೆಲಸ.

ಸಂಗೀತ ಆರಿಸುವುದೂ ಒಂದು ಕೆಲಸವೇ ಎಂದು ಅನೇಕರು ನಗುತ್ತಿದ್ದರು. ಆದರೆ ಅಬ್ಬರದ ಹಾಡು ಹಾಕಿದರೆ ಎಂಥ ಕಳಪೆ ಸ್ಪೀಕರ್ ಕೂಡ ಭೇಷ್ ಅನ್ನಿಸುತ್ತದೆ. ಬಾಗಿಲಿನ ಪ್ಯಾನೆಲ್ ಗಡಗಡ ಎನ್ನುವುದು ಆ ಗದ್ದಲದಲ್ಲೇ ಮುಚ್ಚಿಹೋಗುತ್ತದೆ. ಬಾಸ್ ಎಂಬ ಮಂದ್ರಸ್ವರ ನೋಡಲು ನಾನು ಮೃದಂಗ ಇಟ್ಟುಕೊಂಡಿದ್ದೆ. ಟ್ವೀಟರ್, ಅಂದರೆ ತಾರಸ್ವರ ನುಡಿಸುವ ಪುಟ್ಟ ಸ್ಪೀಕರಿಗೆ ತಾಳ. ಮಿಡ್‌ರೇಂಜ್ ಎಂಬ ನಡುವಣ ಸ್ವರಗಳಿಗೆ ವಾದ್ಯವಿಲ್ಲದ ಒಂಟಿ ದನಿ. ಕಠಿಣ ಪರೀಕ್ಷೆ ಇದೇ. ಮನುಷ್ಯರ ದನಿ ಹೇಗಿರುತ್ತದೆಂದು ಕಿವಿಗೆ ಹುಟ್ಟಿದಾಗಿನಿಂದ ಗೊತ್ತಿರುವುದರಿಂದ ಅಲ್ಲಿ ಸ್ಪೀಕರಿನ ಸುಳ್ಳು ನಡೆಯುವುದಿಲ್ಲ.

ನನ್ನ ಆಯ್ಕೆಗಳನ್ನು ಕೇಳಿ ಸುರೇಶ್ ಮುಖ ಹುಳ್ಳಗೆ ಮಾಡಿದ.

"ಒಂಟಿ ದನಿಗೆ ನನ್ನತ್ರ ಇದಕ್ಕಿಂತ ಒಳ್ಳೇದಿದೆ ಮೇಡಂ. ಕೂತ್ಕೊಳ್ಳಿ, ಹಾಕ್ತೀನಿ."

ಡೆಮೊ ಕಾರಿನ ಬಾಗಿಲು ಹಾಕಿಕೊಂಡು ಕೂತೆ. ಹೆಂಗಸಿನ ದನಿ. ಹಾಡಿನ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹಿಂದೆ ತಗಡಿನ ಮಾಡು ಬಿಸಿಲಿಗೆ ಚಟಪಟ ಅನ್ನುವುದೂ ದೂರದಲ್ಲಿ ಕೋಳಿಯೊಂದು ಕೆದಕುವುದೂ ಕೇಳುವಷ್ಟು ನಿಚ್ಚಳವಾದ ಮುದ್ರಣ. ಅಷ್ಟರಲ್ಲಿ ಪಕ್ಕದಿಂದ ಗಂಡಸೊಬ್ಬ ಮೆಲ್ಲಗೆ, "ಸಾಕು ಬುಡವ್ವ, ಮಗೀನ ಎತ್ಬೇಕು" ಅಂದ. ಆಮೇಲೆ ಬಂದದ್ದು ಹಾಡಲ್ಲ.

ನಾನೇ ಕೈ ಚಾಚಿ ನಿಲ್ಲಿಸಿದೆ. "ಇದು ಹೆಣದ ಮುಂದೆ ಅಳ್ತಿರೋದು, ಸುರೇಶ್."

"ಹೌದು ಮೇಡಂ. ನನ್ನ ಫ್ರೆಂಡು ಪಾಲಿಬೆಟ್ಟದ ಹತ್ರ ಹೋಂಸ್ಟೇ ಇಟ್ಟವ್ನೆ. ಹಕ್ಕಿ ಕೂಗು ಹಿಡಿಯೋಕೆ ಅಂತ ಒಳ್ಳೆ ರೆಕಾರ್ಡರ್ ತಗೊಂಡಿದ್ದ. ಪಕ್ಕದ ಎಸ್ಟೇಟಿನ ಕೂಲಿ ಲೈನ್ ಮನೇಲಿ ಒಂದು ಹುಡುಗಿ ಜ್ವರ ಬಂದು ತೀರ್ಕೊಂಡಿತ್ತು. ಅವರಮ್ಮ ಅಳೋದನ್ನ ರೆಕಾರ್ಡ್ ಮಾಡ್ಕೊಂಡ."

"ಅವರನ್ನ ಕೇಳಿದ್ನಾ?"

"ಅಂಥ ಟೈಮಲ್ಲಿ ಯಾರನ್ನ ಕೇಳೋದು ಮೇಡಂ?"

ಅವನ ಮುಖದಲ್ಲಿ ಅಳುಕೇ ಇರಲಿಲ್ಲ. ಆ ಧ್ವನಿಮುದ್ರಣವನ್ನು ಹಾಕಬಾರದೆಂದು ಹೇಳಿದೆ. ಹೂಂ ಎಂದು ತಲೆಯಾಡಿಸಿದ.

ಶನಿವಾರ ಸೋಮವಾರಪೇಟೆಯಿಂದ ಒಂದು ಕುಟುಂಬ ಬಂತು. ನಾನು ಒಳಗೆ ಕಾಫಿ ಕುಡಿಯುತ್ತ ವೈರಿಂಗ್ ನೋಡುತ್ತಿದ್ದೆ. ಹೊರಗಿನಿಂದ ಅದೇ ದನಿ ಕೇಳಿತು. ಕಾರಿನ ನಾಲ್ಕೂ ಬಾಗಿಲು ತೆರೆದಿದ್ದವು. ಯಜಮಾನರು ಚಿಪ್ಸ್ ತಿನ್ನುತ್ತ, "ಮೂಗು ಸೀಟೋದೂ ಕೇಳಿಸ್ತದಲ್ಲಾ, ಡ್ಯಾಶ್‌ಬೋರ್ಡ್ ಮೇಲೇ ಕೂತಂಗಿದೆ" ಎಂದು ನಗುತ್ತಿದ್ದರು. ಸುರೇಶ್ ಬಾಸ್ ಏರಿಸಿದ. ಆ ತಾಯಿ ಎದೆ ಬಡಿದುಕೊಂಡದ್ದು ಸೀಟಿನಡಿಯ ವೂಫರಿನಲ್ಲಿ ಧಡ್ ಧಡ್ ಎಂದಿತು. "ಬಾಸ್ ನೋಡಿ ಸಾರ್" ಅಂದ.

ಬಾಯಲ್ಲಿದ್ದ ಕಾಫಿ ನುಂಗಲಾಗಲಿಲ್ಲ. ಹಿತ್ತಲಿಗೆ ಹೋಗಿ ಉಗಿದು ಬಂದೆ. ಇಡೀ ಜನ್ಮ ಧ್ವನಿಯ ನಡುವೆಯೇ ಬದುಕಿದವಳಿಗೆ ಒಂದು ಧ್ವನಿ ಕೇಳಿ ವಾಕರಿಕೆ ಬಂದದ್ದು ಅದೇ ಮೊದಲು.

ಗಿರಾಕಿಗಳು ಹೋದ ಮೇಲೆ ಅದನ್ನು ಅಳಿಸು ಅಂದೆ. ಅವನಿಗೂ ರೇಗಿತು. "ಒಳ್ಳೆ ವಾಯ್ಸು ಅಂತ ಎಲ್ಲಾರೂ ಹೊಗಳ್ತಾರೆ. ಅವರಿಗೇನು ನಷ್ಟ? ಆಯಮ್ಮನೇ ಬಂದು ಬೇಡ ಅನ್ನಲಿ, ಅಳಿಸ್ತೀನಿ." ಲೈನಿನ ಹೆಂಗಸು ಅಂಗಡಿ ಹತ್ತುವುದಿಲ್ಲ ಎಂಬ ಧೈರ್ಯ ಅವನದು.

ಪಾಲಿಬೆಟ್ಟಕ್ಕೆ ಹೋದೆ. ಕೂಲಿಯವರ ಹಾಜರಿ ನೋಡಿಕೊಳ್ಳುವ ಎಸ್ಟೇಟ್ ರೈಟರ್ ಮನೆ ತೋರಿಸಿದ. ಹೆಂಗಸಿನ ಹೆಸರು ಜಯಮ್ಮ, ಹುಣಸೂರು ಕಡೆಯವಳು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಳು. ದಾರಿಯುದ್ದಕ್ಕೂ ನನಗೆ ಇದೇ ಯೋಚನೆ: ಹೇಳಿದರೆ ಆರುತ್ತಿರುವ ಗಾಯ ಕೆದಕಿದಂತೆ, ಹೇಳದಿದ್ದರೆ ಕಳ್ಳರ ಜೊತೆ ಸೇರಿದಂತೆ. ಹೇಳಿದೆ.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಕಾರಲ್ಲಾ? ನಾನ್ ಅತ್ತಿದ್ನ ಕಾರಲ್ಲಿ ಯಾಕ್ ಆಕ್ತಾರೆ ಅಕ್ಕಾ?"

"ಸ್ಪೀಕರ್ ಚೆನ್ನಾಗಿದೆಯಾ ಅಂತ ನೋಡೋಕೆ."

ಆ ಮಾತು ನನ್ನ ಬಾಯಿಂದ ಹೊರಬಿದ್ದಾಗ ಅದಕ್ಕಿಂತ ಹೊಲಸು ಮಾತನ್ನು ನಾನೆಂದೂ ಆಡಿಲ್ಲ ಅನ್ನಿಸಿತು.

ಜಯಮ್ಮ ಸೆರಗಿನ ಅಂಚು ಹಿಂಡಿದಳು. "ಅದ್ರಲ್ಲಿ ನಾನ್ ಪುಟ್ಟಕ್ಕಿ ಅಂತ ಕರ್ದಿವ್ನಾ?"

"ಕರೆದಿದ್ದೀರಿ."

"ಅದು ನಾನೊಬ್ಳೇ ಕರೀತಿದ್ದಿದ್ದು. ಅವರಪ್ಪನ್ಗೂ ಬುಡ್ತಿರ್ನಿಲ್ಲ ಅವ್ಳು." ನೀವೇ ಬಂದು ಬೇಡ ಅಂದರೆ ಅಂಗಡಿಯವ ಅಳಿಸುತ್ತಾನಂತೆ ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು, "ಯಾವ ಬಸ್ಸಿಗ್ ಬರ್ಬೇಕು?"

ರಜೆಯ ದಿನ ಬಂದಳು. ಸುರೇಶ್ ಕುರ್ಚಿ ಹಾಕಿಸಿದ, ಟೀ ತರಿಸಿದ. ಅವಳು ಕೂರಲಿಲ್ಲ. "ನನ್ ಮಗೀನ್ ಹೆಸ್ರು ನಿಮ್ ಮಿಷನ್ನಿಂದ ತೆಗೀರಿ" ಅಂದಳು. ಅವನು ನನ್ನ ಮುಖ ನೋಡಿದ, ಬೇರೆ ದಾರಿ ಕಾಣದೆ ಅವಳೆದುರೇ ಅಳಿಸಿದ. ನಂತರ ಶೆಲ್ಫಿನಿಂದ ಒಂದು ಪುಟ್ಟ ಬ್ಲೂಟೂತ್ ಸ್ಪೀಕರ್ ತೆಗೆದು, "ಇಟ್ಕೊಳ್ಳಮ್ಮ, ಮನೇಲಿ ಹಾಡು ಕೇಳು" ಎಂದು ಅವಳ ಕೈಗಿಟ್ಟ. ಅವನ ಲೆಕ್ಕದಲ್ಲಿ ಅದು ಔದಾರ್ಯ. ಜಯಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದಳು, ಕೌಂಟರಿನ ಮೇಲಿಟ್ಟು ಹೊರಗೆ ನಡೆದಳು. ಅವಳನ್ನು ಬಸ್ಸು ಹತ್ತಿಸಿದ ಮೇಲೆ ನಾನು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ನನ್ನ ಅಸಹ್ಯವೂ ತಣ್ಣಗಾಗುತ್ತಿತ್ತೇನೊ. ಮರುವರ್ಷ ಟ್ಯಾಕ್ಸಿಯಲ್ಲಿ ಮಂಗಳೂರಿಗೆ ಹೊರಟಿದ್ದೆ. ಸಂಪಾಜೆ ದಾಟುವಾಗ ಚಾಲಕ, "ಹೊಸ ಸೆಟ್ ಮೇಡಂ, ಕೇಳಿ ಒಮ್ಮೆ" ಎಂದು ಸ್ವಿಚ್ ಒತ್ತಿದ. ಜಯಮ್ಮನ ದನಿ. ಗಾಡಿ ನಿಲ್ಲಿಸಲು ಹೇಳಿದೆ. ಎಲ್ಲಿ ಸಿಕ್ಕಿತೆಂದು ಕೇಳಿದರೆ, "ಫಿಟ್ಟಿಂಗ್ ಅಂಗಡಿಯವ್ರು ಕೊಟ್ಟದ್ದು. ಸುಮಾರು ಜನರ ಹತ್ರ ಉಂಟು" ಅಂದ. ವಿಷಯ ತಿಳಿದ ಮೇಲೆ ಅವನ ಮುಖ ಸಪ್ಪಗಾಯಿತು. ಅಲ್ಲೇ ಅಳಿಸಿದ. ಮಂಗಳೂರಿನವರೆಗೂ ಸ್ಪೀಕರ್ ಹಾಕಲಿಲ್ಲ. ಆದರೆ ಇನ್ನೆಷ್ಟು ಕಾರುಗಳಲ್ಲಿ ಆ ದನಿ ಇದೆಯೋ, ಅದನ್ನು ಹಿಂದಕ್ಕೆ ತರುವ ವಿದ್ಯೆ ನನಗೆ ಗೊತ್ತಿಲ್ಲ.

ಈಗಲೂ ಆಗೊಮ್ಮೆ ಈಗೊಮ್ಮೆ ಹೊಸ ತಂತ್ರಜ್ಞರಿಗೆ ಪಾಠ ಹೇಳಲು ಕರೆಯುತ್ತಾರೆ. ಯಾವ ದನಿ ಪರೀಕ್ಷೆಗೆ ಒಳ್ಳೆಯದು ಎಂದು ಅವರು ಕೇಳುತ್ತಾರೆ. ಅದು ಯಾರ ದನಿ, ಅವರು ಒಪ್ಪಿ ಕೊಟ್ಟದ್ದೇ ಎಂದು ತಿಳಿದುಕೊಳ್ಳುವ ತನಕ ಪ್ಲೇ ಬಟನ್ ಮುಟ್ಟಬೇಡಿ ಅನ್ನುತ್ತೇನೆ. ಮಿಡ್‌ರೇಂಜ್, ಟ್ವೀಟರ್ ಎಲ್ಲ ಆಮೇಲಿನ ಪಾಠ.