ಬೋನುವೀರನ ಸರಪಳಿ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಮಲ್ಲಿಕಾಳ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ ಆಚರಿಸಿಕೊಳ್ಳುವ ಮುಖಂಡರು, ಮದುವೆಯಾಗುವ ಜೋಡಿಗಳು, ತೀರಿಕೊಂಡ ಹಿರಿಯರು, ಎಲ್ಲರೂ ಒಮ್ಮೆ ಅವಳ ಕಂಪ್ಯೂಟರಿನೊಳಗೆ ಹೊಕ್ಕು ಹೊರಬರಲೇಬೇಕು. ಒಳಗೆ ಹೋಗುವಾಗ ಇದ್ದ ಮಚ್ಚೆ, ಕಲೆ, ಕಣ್ಣಡಿಯ ಕಪ್ಪು ಹೊರಗೆ ಬರುವಾಗ ಇರುವುದಿಲ್ಲ. ಊರಿನ ದೊಡ್ಡವರೆಲ್ಲ ನಿಜವಾಗಿ ಹೇಗಿದ್ದಾರೆಂದು ಬಲ್ಲವಳು ಅವಳೊಬ್ಬಳೇ, ಅವಳಿಗೆ ಬಾಯಿ ಕಮ್ಮಿ ಇರುವುದು ಅವರ ಪುಣ್ಯ. ಅವಳ ಕೆಳತುಟಿಯ ಅಡಿಯಲ್ಲೂ ಒಂದು ದಪ್ಪ ಮಚ್ಚೆ ಇದೆ. ಅಂಗಡಿಯ ಬೋರ್ಡಿನಲ್ಲಿರುವ ತನ್ನ ಫೋಟೋದಿಂದ ಅದನ್ನೂ ಅಳಿಸಿಬಿಟ್ಟಿದ್ದಾಳೆ.

ಇದು ಹೊಟ್ಟೆಪಾಡು. ಮನಸ್ಸಿನ ಪಾಡು ಬೇರೆ ಇತ್ತು. ಚಿಕ್ಕವಳಿದ್ದಾಗ ರದ್ದಿ ಅಂಗಡಿಯಲ್ಲಿ ಸಿಗುತ್ತಿದ್ದ ಹರಿದ ಸೂಪರ್‌ಹೀರೋ ಕಾಮಿಕ್ಸ್ ಓದಿ ಅವಳಿಗೆ ಹುಚ್ಚು ಹಿಡಿದಿತ್ತು. ಎಷ್ಟೋ ಪುಸ್ತಕಕ್ಕೆ ಕೊನೆಯ ಪುಟವೇ ಇರುತ್ತಿರಲಿಲ್ಲ. ಆದರೂ ಯಾರು ಗೆಲ್ಲುತ್ತಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ಹೀರೋನ ಮುಖಕ್ಕೆ ಎದುರಿನಿಂದ ಬೆಳಕು ಬಿದ್ದಿರುತ್ತದೆ, ಖಳನ ಮುಖಕ್ಕೆ ಗದ್ದದ ಕೆಳಗಿನಿಂದ. ಅಷ್ಟು ತಿಳಿದರೆ ಉಳಿದ ಕತೆ ಬಾಯಿಪಾಠ. ಮೂವತ್ತೈದಾದರೂ ಅವಳು ಆ ನಿಯಮವನ್ನು ಬಿಟ್ಟಿರಲಿಲ್ಲ.

ಅವಳದೇ ಕಾಮಿಕ್ಸ್ ಹುಟ್ಟಿದ್ದು ಒಂದು ಸನ್ಮಾನದಿಂದ. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಮಂಗಗಳ ಕಾಟ ಮಿತಿಮೀರಿ, ಬಾಳೆ, ಏಲಕ್ಕಿ, ಎಳೆ ಅಡಿಕೆ ಮುಗಿಸಿದ ಮೇಲೆ ಅವು ಮನೆಯ ಹೆಂಚಿಗೂ ಕೈ ಹಾಕಿದ್ದವು. ಬಾಳೆಹಣ್ಣಿಗೆ ವಿಷ ಹಾಕಿ ಇಡೋಣ ಅಂತ ಊರಿನ ಸಭೆಯಲ್ಲಿ ಮಾತು ಬಂತು. ಆಗ ನಾಗಪ್ಪ ಎದ್ದು ನಿಂತ. ವೆಲ್ಡಿಂಗ್ ಕೆಲಸದ ಗಟ್ಟಿ ಆಳು ಅವನು. "ಅದೊಂದು ಬ್ಯಾಡ. ನಂಗೆ ಬಿಡಿ," ಅಂದ. ದೊಡ್ಡ ಬೋನು ಕಟ್ಟಿ, ಒಳಗೆ ಹಲಸಿನ ತೊಳೆ ಇಟ್ಟು, ದೂರದಲ್ಲಿ ಕೂತು ಬಾಗಿಲು ಬೀಳಿಸಿ, ಪಿಕಪ್ ವ್ಯಾನಿನಲ್ಲಿ ಹೇರಿಕೊಂಡು ಹೋಗುತ್ತಿದ್ದ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಊರವರು ಅವನಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮಂಗ ಹೋದ ಮೇಲೆ ಊರಿನಲ್ಲಿ ಬುಟ್ಟಿಗೆ ಹಾಕುವಷ್ಟು ಹಣ್ಣು ಉಳಿದಿತ್ತು ನೋಡಿ!

'ನಾರ್ವೆಯ ರಕ್ಷಕ' ಎಂಬ ಆ ಫ್ಲೆಕ್ಸ್ ಮಾಡಿದವಳು ಮಲ್ಲಿಕಾ. ಶಾಲು ಹೊದ್ದ ನಾಗಪ್ಪನ ಫೋಟೋವನ್ನು ನೋಡುತ್ತ ನೋಡುತ್ತ ಅವಳಿಗೆ ಆ ಶಾಲು ಹಾರತೊಡಗಿದಂತೆ ಕಂಡಿತು. ಹಾಗೆ ಹುಟ್ಟಿದ ಬೋನುವೀರ. ಸನ್ಮಾನದ ಶಾಲನ್ನು ಹೆಗಲಿಗೆ ಗಂಟು ಹಾಕಿಕೊಂಡು, ಒಂದೇ ಕೈಯಲ್ಲಿ ಬೋನೆತ್ತಿ ಗುಡ್ಡದಿಂದ ಗುಡ್ಡಕ್ಕೆ ಹಾರುವವನು. ಸಣ್ಣ ಪುಸ್ತಕ ಮಾಡಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸ್ಟೇಷನರಿ ಅಂಗಡಿಗಳಿಗೆ ಹಾಕಿದಳು. ಮಕ್ಕಳು ಮುಗಿಬಿದ್ದರು.

ಹೀರೋ ಬಂದ ಮೇಲೆ ಖಳ ಬೇಕಲ್ಲ. ಅವನು ಸಿಕ್ಕಿದ್ದು ಅಡ್ಡಗದ್ದೆಯಲ್ಲಿ.

ತಾಯಿಯಿಲ್ಲದ ಮಲ್ಲಿಕಾಳನ್ನು ಸಾಕಿದವರು ಹೊಳೆಯಾಚೆಯ ಅಡ್ಡಗದ್ದೆಯ ದೊಡ್ಡಮ್ಮ ಯಮುನಮ್ಮ. ಇದ್ದಕ್ಕಿದ್ದಂತೆ ಆ ಕಡೆ ಮಂಗಗಳ ಹಿಂಡು ಹೆಚ್ಚಾಯಿತು. ಸಂಡಿಗೆ ಕಾಯಲು ತಾರಸಿಗೆ ಹತ್ತಿದ್ದ ದೊಡ್ಡಮ್ಮ ಮಂಗ ಓಡಿಸಲು ಹೋಗಿ ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡರು. ಆಪರೇಷನ್ ಆಗಿ ವಾಕರ್ ಹಿಡಿದು ನಿಲ್ಲುವಂತಾದರು, ಅಷ್ಟೇ. ಮಲ್ಲಿಕಾ ನೋಡಲು ಹೋದಾಗ ಮಲಗಿದಲ್ಲಿಂದಲೇ ಹೇಳಿದರು:

"ಅವು ತಾವಾಗಿ ಬಂದದ್ದಲ್ಲ ಕೂಸೇ. ಮುಸ್ಸಂಜೆ ಹೊತ್ತಿಗೆ ಒಂದು ವ್ಯಾನು ಬಂತು. ಒಬ್ಬ ಇಳಿದು ಸರಪಳಿ ಎಳೆದ, ದಬದಬ ಅಂತ ಎಲ್ಲ ಹಾರಿದ್ವು. ಮುಖ ಕಾಣ್ಲಿಲ್ಲೆ. ಸರಪಳಿ ಮಾತ್ರ ಕಂಡಿತ್ತು. ಹಳೇ ಉಯ್ಯಾಲೆಗೆ ಗಿಳಿ ಗಿಳಿ ಇರೋ ಹಿತ್ತಾಳೆ ಸರಪಳಿ ಹಾಕ್ತಿದ್ರಲ್ಲ, ಅಂಥದ್ದು."

ಬೇರೆಯವರ ಊರಿಗೆ ಮಂಗ ತಂದು ಸುರಿಯುವವನು! ಮಲ್ಲಿಕಾಳ ಮೈ ಉರಿದುಹೋಯಿತು. ಮೂರನೆಯ ಸಂಚಿಕೆಗೆ ಮುಸ್ಸಂಜೆರಾಯ ಎಂಬ ಖಳ ಬಂದ. ಗದ್ದದ ಕೆಳಗಿನಿಂದ ಬೆಳಕು, ಹಳದಿ ಹಲ್ಲು, ಕೈಯಲ್ಲಿ ಗಿಳಿಗಳ ಸರಪಳಿ. ಸಿಟ್ಟನ್ನೆಲ್ಲ ಸುರಿದು ಪುಟದ ತುಂಬ ಬರೆದಳು. "ಅವನು ಎಂತಕ್ಕೆ ಮಂಗ ಬಿಡ್ತಾನೆ ಆಂಟಿ?" ಅಂತ ಓದುಗ ಮಗುವೊಂದು ವಾಟ್ಸಾಪಿನಲ್ಲಿ ಕೇಳಿತು. "ಖಳ ಅಲ್ವಾ, ಅದಕ್ಕೆ," ಅಂತ ಉತ್ತರ ಕಳಿಸಿ ಮರೆತಳು.

ಆ ಸಂಚಿಕೆ ಹೊರಬಂದ ವಾರದಲ್ಲಿ ಒಂದು ಸಂಜೆ ನಾಗಪ್ಪ ಅಂಗಡಿಗೆ ಬಂದ. ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿದ್ದ. ಹಿಂದೆ ಟಾರ್ಪಾಲು ಹೊದೆಸಿತ್ತು. ಅವನ ಕೈಯಲ್ಲಿ ಪುಸ್ತಕವಿತ್ತು. ಪುಸ್ತಕ ಹೊಗಳಲು ಬಂದಿದ್ದಾನೆಂದುಕೊಂಡು ಮಲ್ಲಿಕಾ ಕುರ್ಚಿ ಸರಿಸಿದಳು. ಅವನು ಕೂರಲಿಲ್ಲ. ಮುಸ್ಸಂಜೆರಾಯನ ಪುಟ ತೆಗೆದು ಸರಪಳಿಯ ಮೇಲೆ ಬೆರಳಿಟ್ಟ.

"ಇದು ನಮ್ಮನೆ ಉಯ್ಯಾಲೆ ಸರಪಳಿ, ನನ್ನ ಬೋನಿನ ಬಾಗಿಲಿಗೆ ಹಾಕಿದ್ದು. ನಿಂಗೆ ಯಾರು ಹೇಳಿದ್ದು?"

ಮಲ್ಲಿಕಾಳಿಗೆ ಮೊದಲು ಅರ್ಥವಾಗಲಿಲ್ಲ. ಬೋನುವೀರನ ಬೋನಿಗೆ ಅವಳು ಸುಮ್ಮನೆ ಹಗ್ಗ ಬರೆದಿದ್ದಳು. ನಾಗಪ್ಪನ ನಿಜವಾದ ಬೋನನ್ನು ಅವಳು ನೋಡಿಯೇ ಇರಲಿಲ್ಲ, ಫ್ಲೆಕ್ಸಿಗೆ ಕೊಟ್ಟದ್ದು ಎದೆಮಟ್ಟದ ಫೋಟೋ. ಆಮೇಲೆ ಅರ್ಥವಾಯಿತು.

"ಅಡ್ಡಗದ್ದೆಗೆ ಬಿಡ್ತಿದ್ದದ್ದು ನೀನಾ?"

"ಎಂತ ಮಾಡದು ಮಾರಾಯ್ತಿ? ಮೊದಲು ಇಲ್ಲೇ ಕಾಡಿಗೆ ಬಿಟ್ಟೆ. ಎರಡು ದಿನಕ್ಕೆ ಅವು ವಾಪಸ್ ಊರು ಸೇರ್ಕಂಡಿದ್ವು. ಹೊಳೆ ದಾಟ್ಸಿದ್ರೆ ಮಾತ್ರ ತಿರುಗಿ ಬರಲ್ಲ. ಕೊಲ್ಲಕ್ಕೆ ನಂಗೆ ಕೈ ಬರಲ್ಲ. ನಾನು ತಗಂಡು ಹೋಗದೇ ಇದ್ರೆ ಊರೋರು ವಿಷ ಹಾಕ್ತಾರೆ. ನೀನೇ ಹೇಳು."

"ಆ ಮಂಗ ಓಡಿಸಕ್ಕೆ ಹೋಗಿ ನನ್ನ ದೊಡ್ಡಮ್ಮನ ಸೊಂಟ ಮುರಿದಿದೆ."

ನಾಗಪ್ಪ ಈಗ ಕುರ್ಚಿಯಲ್ಲಿ ಕುಸಿದ. "ಅಲ್ಲಿ ಬರೀ ಗುಡ್ಡ ಅಂದ್ಕಂಡಿದ್ದೆ," ಅಂದ. ರಸ್ತೆಯ ಕಡೆ ತಿರುಗಿ, "ಇವತ್ತೂ ವ್ಯಾನಲ್ಲಿ ಇದಾವೆ. ಮನೆ ಇಲ್ಲದ ಕಡೆ, ಇನ್ನೂ ಮ್ಯಾಲೆ ಹೋಗಿ ಬಿಡ್ತೀನಿ," ಅಂದ.

"ಹೋಗು ಇಲ್ಲಿಂದ," ಅಂದಳು ಮಲ್ಲಿಕಾ.

ವ್ಯಾನಿನ ಸದ್ದು ಅಡಗಿದ ಮೇಲೆ ಅವಳು ಫೋನು ನೋಡಿದಳು. ದೊಡ್ಡಮ್ಮನ ಮಗ ಶ್ರೀಧರ ಮಧ್ಯಾಹ್ನವೇ ಮೆಸೇಜು ಹಾಕಿದ್ದ. ಮುಸ್ಸಂಜೆರಾಯನ ಪುಟದ ಫೋಟೋ, ಅದರ ಕೆಳಗೆ: 'ಗಿಳಿ ಸರಪಳಿಯ ವ್ಯಾನು ಪತ್ತೆ ಆಯ್ತು. ನಾರ್ವೆಯದು. ಇವತ್ತು ಹೊರಡ್ತದಂತೆ. ಸೇತುವೆ ಹತ್ರ ಕಾಯ್ತೀವಿ. ನಿನ್ನ ಕತೆಯ ಕೊನೇ ಪುಟ ನಾವೇ ಬರೀತೀವಿ.'

ಮಲ್ಲಿಕಾ ಕೂಡಲೇ ನಾಗಪ್ಪನಿಗೆ ಕರೆ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಯಿತು. ಬೀಳಲಿ ನಾಲ್ಕು ಪೆಟ್ಟು, ದೊಡ್ಡಮ್ಮನ ನೋವು ಅವನಿಗೂ ತಿಳಿಯಲಿ ಅನ್ನಿಸಿತು. ಆದರೆ ಶ್ರೀಧರನ ಸಿಟ್ಟು ಅವಳು ಕಂಡದ್ದೇ. ಅದು ನಾಲ್ಕಕ್ಕೆ ನಿಲ್ಲುವ ಜಾತಿಯದಲ್ಲ. ಹಿಂದೊಮ್ಮೆ ಬೇಲಿ ಜಗಳದಲ್ಲಿ ಅವನಿಂದ ಪೆಟ್ಟು ತಿಂದವನು ಇವತ್ತಿಗೂ ಬಲಗೈಯಲ್ಲಿ ಲೋಟ ಹಿಡಿಯಲಾರ. ಕೂತಲ್ಲಿ ಕೂರಲಾಗದೆ ನಾಗಪ್ಪನಿಗೆ ಫೋನು ಮಾಡಿದಳು. ಸಿಗ್ನಲ್ ಇಲ್ಲ. ಶ್ರೀಧರ ಎತ್ತಲಿಲ್ಲ. ಶಟರ್ ಎಳೆದು ಸ್ಕೂಟರ್ ಹತ್ತಿದಳು.

ದಾರಿಯುದ್ದಕ್ಕೂ ಮುಂದೆ ವ್ಯಾನಿನ ಹಿಂಬದಿ ಕಾಣುತ್ತದೇನೋ ಎಂದು ಕತ್ತು ಚಾಚಿದಳು. ಒಂದು ತಿರುವಿನಲ್ಲಿ ಬಸ್ಸಿಗೆ ದಾರಿ ಕೊಡಲು ನಿಂತಾಗ ಅವಳಿಗೆ ಹೊಳೆಯಿತು. ಆ ಪುಟ ತಾನು ಬರೆಯದೇ ಹೋಗಿದ್ದರೆ ಆ ವ್ಯಾನನ್ನು ಯಾರು ಗುರುತಿಸುತ್ತಿದ್ದರು?

ಸೇತುವೆಗೆ ಮುಟ್ಟುವ ಹೊತ್ತಿಗೆ ಬೆಳಕು ಇಳಿದಿತ್ತು. ವ್ಯಾನಿಗೆ ಅಡ್ಡಲಾಗಿ ಮರದ ದಿಮ್ಮಿ. ಏಳೆಂಟು ಜನ, ಕೈಯಲ್ಲಿ ದೊಣ್ಣೆ. ಹೆಡ್‌ಲೈಟುಗಳು ಆಗಲೇ ಪುಡಿಯಾಗಿದ್ದವು. ಟಾರ್ಪಾಲು ಕಿತ್ತು ಬಿಸಾಡಿದ್ದರು, ಬೋನಿನೊಳಗೆ ಮಂಗಗಳು ಕಿರುಚುತ್ತಿದ್ದವು. ನಾಗಪ್ಪನನ್ನು ಬಾನೆಟ್ಟಿಗೆ ಒತ್ತಿ ಹಿಡಿದಿದ್ದರು. ಅವನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಕೆಳಗಿಟ್ಟ ಟಾರ್ಚಿನ ಬೆಳಕು ಸರಿಯಾಗಿ ಅವನ ಗದ್ದದ ಕೆಳಗಿನಿಂದ ಬೀಳುತ್ತಿತ್ತು. ತಾನು ಬರೆದ ಮುಖವನ್ನೇ ನೋಡಿ ಮಲ್ಲಿಕಾ ಹೆದರಿದಳು.

"ಬಂದ್ಯಾ? ನೋಡು, ನಿನ್ನ ಚಿತ್ರದ್ದೇ ಸರಪಳಿ!" ಅಂದ ಶ್ರೀಧರ. ಅವನ ದನಿಯಲ್ಲಿ ತಂಗಿಯ ಬಗ್ಗೆ ಹೆಮ್ಮೆಯಿತ್ತು. ಆಮೇಲೆ ನಾಗಪ್ಪನ ಕಡೆ ತಿರುಗಿದ. "ಯಾವ ಕೈಯಲ್ಲಿ ಎಳೀತಿದ್ದೆ ಹೇಳೋ. ಎಡಗೈಯಾ, ಬಲಗೈಯಾ?"

"ಬಿಡು ಅಣ್ಣ."

"ಬಿಡದಾ? ಅಮ್ಮ ಎದ್ದು ಬಚ್ಚಲಿಗೆ ಹೋಗಕ್ಕೂ ಅಳ್ತಾರೆ. ನೀನು ದೂರ ನಿಲ್ಲು."

ದೊಣ್ಣೆ ಮೇಲೆದ್ದಿತು. ತಪ್ಪು ಸರಿಯ ಮಾತು ಇಲ್ಲಿ ನಡೆಯುವುದಿಲ್ಲ ಎಂದು ಮಲ್ಲಿಕಾಳಿಗೆ ಗೊತ್ತಾಯಿತು. ನಡೆಯುವ ಮಾತೇ ಅವಳ ಬಾಯಿಗೆ ಬಂತು.

"ಅವನ ಕೈ ಮುರಿದ ಮೇಲೆ ವ್ಯಾನು ಯಾರು ಓಡಿಸ್ತಾರೆ? ಬೋನು ಇಲ್ಲೇ ನಿಲ್ತದೆ. ಇಷ್ಟೂ ಮಂಗ ಅಡ್ಡಗದ್ದೆಗೇ ಗತಿ."

ದೊಣ್ಣೆ ಅಲ್ಲೇ ನಿಂತಿತು. ಎಲ್ಲರೂ ಬೋನಿನ ಕಡೆ ನೋಡಿದರು. ಅಷ್ಟು ಹೊತ್ತು ಯಾರಿಗೂ ಅದು ಹೊಳೆದಿರಲಿಲ್ಲ.

"ಮತ್ತೆಂತ ಮಾಡದು? ವಾಪಸ್ ನಾರ್ವೆಗೆ ಕಳ್ಸಿದ್ರೆ ಇನ್ನೊಂದಿನ ಇಲ್ಲಿಗೇ ತರ್ತಾನೆ," ಅಂದ ಶ್ರೀಧರ.

"ಕಮ್ಮರಡಿ ಆಚೆ ಗುಡ್ಡ ಇದೆಯಲ್ಲ," ಅಂದಳು ಮಲ್ಲಿಕಾ. "ಅಲ್ಲಿಗೆ ತಗೊಂಡು ಹೋಗಿ."

ಕಮ್ಮರಡಿಯೇ ಏಕೆ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಅವಳಿಗೆ ನೆಂಟರಿಲ್ಲ, ಗೊತ್ತಿರುವ ಮುಖವಿಲ್ಲ, ಅಷ್ಟೇ ಕಾರಣ. ಶ್ರೀಧರ ಒಂದು ಗಳಿಗೆ ಯೋಚಿಸಿ ದೊಣ್ಣೆ ಇಳಿಸಿದ. ಆಮೇಲೆ ನಡೆದದ್ದು ನೋಡಬೇಕಿತ್ತು: ಹೊಡೆಯಲು ಬಂದವರೇ ದಿಮ್ಮಿ ಸರಿಸಿದರು, ಒಬ್ಬ ನಾಗಪ್ಪನ ಹುಬ್ಬಿಗೆ ಟವೆಲ್ ಕಟ್ಟಿದ, ಶ್ರೀಧರ ಮತ್ತಿಬ್ಬರು ವ್ಯಾನು ಹತ್ತಿದರು. ಹೆಡ್‌ಲೈಟಿಲ್ಲದ ವ್ಯಾನು ಕತ್ತಲಲ್ಲಿ ಹೋಗುವುದು ಹೇಗೆ? ಮಲ್ಲಿಕಾ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಮುಂದೆ ಹೊರಟಳು. ಅವಳ ದೀಪ ಹಿಡಿದು ವ್ಯಾನು ಹಿಂದೆ ಬಂತು.

ಗುಡ್ಡದ ತಿರುವಿನಲ್ಲಿ ಗಿಳಿಗಳ ಸರಪಳಿಯನ್ನು ಶ್ರೀಧರನೇ ಎಳೆದ. ಮಂಗಗಳು ಹಾರಿ ಕತ್ತಲೆಗೆ ಸೇರಿದವು. ಮರಿ ಅವಚಿಕೊಂಡ ಒಂದು ಮಾತ್ರ ಬೋನಿನ ಮೂಲೆಯಲ್ಲಿ ಉಳಿದಿತ್ತು. ನಾಗಪ್ಪ ನಿಧಾನವಾಗಿ ಚೂ ಚೂ ಅಂದ ಮೇಲೆ ಇಳಿದು ಹೋಯಿತು. ಗುಡ್ಡದ ಕೆಳಗೆ ಯಾವುದೋ ಮನೆಯ ದೀಪ ಹತ್ತಿಕೊಂಡಿತು. ಅದು ಎಲ್ಲರಿಗೂ ಕಂಡಿತು. ಯಾರೂ ಅದರ ಮಾತೆತ್ತಲಿಲ್ಲ.

ಮುಂದಿನ ವಾರ ಅಡ್ಡಗದ್ದೆಯಿಂದ ಫ್ಲೆಕ್ಸ್ ಆರ್ಡರು ಬಂತು. ಶ್ರೀಧರನಿಗೆ ಸನ್ಮಾನ, 'ಅಡ್ಡಗದ್ದೆಯ ರಕ್ಷಕ'. ಅವನ ಫೋಟೋದ ಕಲೆಗಳನ್ನು ಅಳಿಸುತ್ತ ಮಲ್ಲಿಕಾ ಕೂತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು.

"ಬೋನುವೀರ ಬರೆಯೋಳು ನೀನೇ ಅಲ್ದಾ? ನಾನು ಕಮ್ಮರಡಿ ಭೈರಮ್ಮ. ಬಸ್ಸು ನಿಲ್ಲೋ ಕಡೆ ಸಣ್ಣ ಅಂಗಡಿ ಇಟ್ಕಂಡಿದೀನಿ. ನನ್ನ ಮೊಮ್ಮಕ್ಕಳಿಗೆ ನಿನ್ನ ಪುಸ್ತಕ ಅಂದ್ರೆ ಜೀವ."

"ಕೈಗೆ ಎಂತಾಯ್ತು?"

"ಮಂಗ ಕಚ್ಚಿದ್ದು. ಬಾಳೆಗೊನೆ ಬಿಡಿಸ್ಕಳಕ್ಕೆ ಹೋದೆ. ಒಂದೂ ಇರ್ಲಿಲ್ಲ ಮಾರಾಯ್ತಿ ನಮ್ಮೂರಲ್ಲಿ, ಯಾರೋ ತಂದು ಬಿಟ್ಟು ಹೋಗಿದಾರೆ." ಭೈರಮ್ಮ ಒಳಗೆ ಬಂದು ಕೂತಳು. "ನಿನ್ನ ಮುಸ್ಸಂಜೆರಾಯನ ಕೆಲಸವೇ. ಆದ್ರೆ ಈ ಸಲ ಮುಂದೆ ಸ್ಕೂಟರಲ್ಲಿ ಒಬ್ಬಳು ಹೆಂಗಸು ದೀಪ ತೋರಿಸ್ತಿದ್ದಳು. ನಾನೇ ಕಣ್ಣಾರೆ ನೋಡಿದೀನಿ. ಅವಳ ಚಿತ್ರ ಬರೆದು ಹಾಕು ನಿನ್ನ ಪುಸ್ತಕದಲ್ಲಿ. ಎಲ್ಲರಿಗೂ ಗೊತ್ತಾಗ್ಲಿ."

"ಮುಖ ಕಂಡಿತಾ?"

"ಇಲ್ಲ. ಹೆಲ್ಮೆಟ್ ಇತ್ತು. ನೀನೇ ಎಂತಾದ್ರೂ ಹಾಕಿ ಬರಿ. ಕೆಟ್ಟದಾಗಿ ಬರಿ."

ಮಲ್ಲಿಕಾ ಕಾಗದ ತೆಗೆದಳು. ಸ್ಕೂಟರು ಬರೆದಳು, ದೀಪ ಬರೆದಳು. ಹೆಲ್ಮೆಟ್ಟನ್ನು ತಲೆಯ ಮೇಲೆ ಬರೆಯಲಿಲ್ಲ, ಚಿತ್ರದ ಹೆಂಗಸಿನ ಕೈಯಲ್ಲಿ ಇಟ್ಟಳು. ಮುಖಕ್ಕೆ ಎದುರಿನಿಂದ ಬೆಳಕು ಕೊಟ್ಟಳು. ಕೊನೆಗೆ ಕೆಳತುಟಿಯ ಅಡಿಯಲ್ಲಿ ಒಂದು ದಪ್ಪ ಚುಕ್ಕೆ ಇಟ್ಟು ಕಾಗದವನ್ನು ಭೈರಮ್ಮನ ಕಡೆ ತಿರುಗಿಸಿದಳು.

ಭೈರಮ್ಮ ಕಾಗದ ನೋಡಿದಳು. ಮಲ್ಲಿಕಾಳ ಮುಖ ನೋಡಿದಳು. ಮತ್ತೆ ಕಾಗದ ನೋಡಿದಳು. ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಬೈಯುತ್ತಾಳೆ, ಕಿರುಚುತ್ತಾಳೆ, ಬಸ್ ಸ್ಟ್ಯಾಂಡಿನ ಜನರನ್ನೆಲ್ಲ ಕರೆಯುತ್ತಾಳೆ ಎಂದು ಮಲ್ಲಿಕಾ ಕಾದಳು.

"ಎಂತಕ್ಕೆ?" ಅಂದಳು ಭೈರಮ್ಮ.

ವಾಟ್ಸಾಪಿನಲ್ಲಿ ಆ ಮಗು ಕೇಳಿದ್ದೂ ಇದನ್ನೇ. ಈ ಸಲ ಮಲ್ಲಿಕಾ ಕಂಪ್ಯೂಟರ್ ಆರಿಸಿ, ಭೈರಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು, ನಾರ್ವೆಯ ಸಭೆಯಿಂದ ಹೇಳಲು ಶುರುಮಾಡಿದಳು.