ಬೆವರು ಬಾರದ ಆಟ

ನನ್ನ ತಮ್ಮನ ಮಗಳು ಅವರ್ಸಾದ ನನ್ನ ಬಾಡಿಗೆ ಮನೆಗೆ ಬಂದು ಉಳಿದಾಗ ಅವಳಿಗೆ ಇಪ್ಪತ್ತು, ನನಗೆ ನಲವತ್ತೊಂಬತ್ತು. ಮಾಜಾಳಿಯ ಅವರ ಮನೆಯಲ್ಲಿ ಇಂಟರ್ನೆಟ್ ನಿಂತು ನಿಂತು ಬರುತ್ತಿತ್ತು, ನಮ್ಮ ಓಣಿಗೆ ಆಗಷ್ಟೇ ಹೊಸ ಲೈನ್ ಬಂದಿತ್ತು. ಅವಳು ಬಂದ ಕಾರಣ ಅಷ್ಟೇ. ಡಿಗ್ರಿ ಮುಗಿದಿತ್ತು. ಕೆಲಸವೆಂದರೆ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ. ಒಂದು ತಂಡ ಅವಳನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು.

ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಎದುರು ನಿಂತು ‘ಮೊಬೈಲ್ ಬಿಡಿ, ಮೈದಾನಕ್ಕೆ ಬನ್ನಿ’ ಎಂದು ಹೇಳುವವಳು. ಮನೆಯಲ್ಲಿ ಏನು ನಡೆದಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಲು ನಾಚಿಕೆಯಾಗಿ, ‘ತಮ್ಮನ ಮಗಳು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡ್ತಾಳೆ’ ಎಂದುಬಿಟ್ಟಿದ್ದೆ.

ಒಂದು ಭಾನುವಾರ ತಡೆಯಲಾಗದೆ ಕೇಳಿದೆ. “ಮೈಯಲ್ಲಿ ಒಂದು ಹನಿ ಬೆವರು ಬರೂದಿಲ್ಲ. ಇದಕ್ಕೆ ಆಟ ಅಂತ ಹೆಂಗೆ ಹೇಳೂದು?”

ಅವಳು ಸಿಟ್ಟಾಗಲಿಲ್ಲ. “ಒಂದು ದಿನ ನನ್ನ ಹತ್ರ ಕೂತ್ಕೊಂಡು ನೋಡು ಅತ್ತೆ. ಆಮೇಲೆ ಬೈ.”

ಕೂತೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದಳು. ಮೊದಲ ಒಂದು ಗಂಟೆ ಆಟವೇ ಇಲ್ಲ. ತೆರೆಯೊಳಗಿನ ಒಂದು ಗೋಡೆಗೆ ಗುಂಡು ಹೊಡೆಯುವುದು, ಬಂದೂಕು ಮೇಲೆ ಜಿಗಿಯದಂತೆ ಹೆಬ್ಬೆರಳಿನಿಂದ ಕೆಳಗೆ ಎಳೆಯುವುದು. ಅದನ್ನೇ, ಮತ್ತೆ ಅದನ್ನೇ. ನಂತರ ತಂಡದ ಜೊತೆ ಅಭ್ಯಾಸ. ಉಳಿದ ಮೂವರು ಮೂರು ಊರುಗಳಲ್ಲಿದ್ದರು. ಹೆಡ್‌ಫೋನಿನಲ್ಲಿ ಹಿಂದಿಯಲ್ಲಿ ಕೂಗಾಡುತ್ತಾ ಆಡಿದರು. ಸಂಜೆ ತಾನು ಸತ್ತ ಆಟಗಳನ್ನೆಲ್ಲ ಹಿಂದೆ ತಿರುಗಿಸಿ ನೋಡಿ, ಎಲ್ಲಿ ತಪ್ಪಿದೆ ಎಂದು ನೋಟುಬುಕ್ಕಿನಲ್ಲಿ ಬರೆದಳು. ನಡುವೆ ಅನ್ನ ಸಾರು ಉಂಡದ್ದು ಹತ್ತು ನಿಮಿಷ. ಅಷ್ಟೂ ಹೊತ್ತು ಅವಳು ಬೆನ್ನು ಒರಗಿಸಿದ್ದನ್ನು ನಾನು ನೋಡಲಿಲ್ಲ. ನಾನೇ ಸೊಂಟ ಹಿಡಿದು ನಾಲ್ಕು ಸಲ ಎದ್ದು ಹೋಗಿದ್ದೆ.

ಆ ದಿನ ನನಗೆ ನನ್ನ ಹದಿನೆಂಟು ಹತ್ತೊಂಬತ್ತರ ಬೆಳಗುಗಳು ನೆನಪಾದವು. ನಾನು ಮೂರು ಸಾವಿರ ಮೀಟರ್ ಓಡುತ್ತಿದ್ದವಳು. ಚಿತ್ತಾಕುಲದ ಮನೆಯಿಂದ ಹೊರಟು ಕಾಳಿ ಸೇತುವೆ ದಾಟಿ ಕಾರವಾರದ ಕಡಲತೀರಕ್ಕೆ ಬಂದು, ಒದ್ದೆ ಮರಳಿನ ಮೇಲೆ ಓಡಿ, ಮತ್ತೆ ಸೇತುವೆ ದಾಟಿ ಮನೆಗೆ. ತರಬೇತಿ ಕೊಡುವವರು ಯಾರೂ ಇರಲಿಲ್ಲ. ಜೊತೆಗೆ ಓಡುವ ಹುಡುಗಿಯರೂ ಇರಲಿಲ್ಲ. ಮೀನು ಬುಟ್ಟಿ ಹೊತ್ತು ಪೇಟೆಗೆ ಹೋಗುವ ಹೆಂಗಸರು “ಖಂಯ್ ಧಾಂವ್ತಾ ಗೋ?” ಎಂದು ಕೊಂಕಣಿಯಲ್ಲಿ ಕೇಳುತ್ತಿದ್ದರು. ಎಲ್ಲಿಗೆ ಓಡುತ್ತಿದ್ದೇನೆ ಎಂದು ನನಗೂ ಗೊತ್ತಿರಲಿಲ್ಲ; ನಕ್ಕು ಮುಂದೆ ಹೋಗುತ್ತಿದ್ದೆ. ಮನೆಗೆ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಸಮಯ ಗುರುತು ಹಾಕುತ್ತಿದ್ದೆ.

ಆದರೂ ಎರಡೂ ಒಂದೇ ಎಂದು ಆವತ್ತು ನಾನು ಒಪ್ಪಲಿಲ್ಲ. ಓಡಿ ಬಂದವಳಿಗೆ ಹಸಿವಾಗುತ್ತಿತ್ತು, ಕಣ್ಣು ಮುಚ್ಚಿದರೆ ನಿದ್ದೆ. ಸೋತರೂ ಮೈ ಏನಾದರೊಂದು ಗಳಿಸಿಕೊಂಡು ಬರುತ್ತಿತ್ತು. ಇವಳಿಗೆ ಹಸಿವೂ ಇಲ್ಲ, ನಿದ್ದೆಯೂ ಇಲ್ಲ. ದಿನವಿಡೀ ಮೂವರ ಜೊತೆ ಮಾತಾಡಿ ಹೆಡ್‌ಫೋನ್ ತೆಗೆದಿಟ್ಟ ಕೂಡಲೇ ಅವಳ ಮುಖ ಬಸ್ಸು ತಪ್ಪಿಸಿಕೊಂಡವರ ಹಾಗೆ ಆಗುತ್ತಿತ್ತು. ಆ ಮೂವರನ್ನು ಅವಳು ಒಮ್ಮೆಯೂ ಎದುರಿಗೆ ನೋಡಿರಲಿಲ್ಲ. ಒಬ್ಬ ಎಷ್ಟು ಎತ್ತರ ಇದ್ದಾನೆ ಎಂದು ಕೇಳಿದರೆ “ಗೊತ್ತಿಲ್ಲ ಅತ್ತೆ, ವಿಡಿಯೋದಲ್ಲಿ ಕೂತದ್ದೇ ನೋಡಿದ್ದು” ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಚಹಾದ ಲೋಟ ಹಿಡಿಯಲಿಕ್ಕೂ ಆಗುತ್ತಿರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೈ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ ನಕ್ಕರು. “ಔಷಧಿ ಎಂತಕ್ಕೆ ಟೀಚರ್? ಮೊಬೈಲ್ ಕಸಿದುಕೊಳ್ಳಿ, ತನ್ನಷ್ಟಕ್ಕೇ ಗುಣ ಆಗ್ತದೆ.”

ಅವಳು ತಲೆ ತಗ್ಗಿಸಿದಳು. ನನಗೆ ಒಮ್ಮೆಲೇ ಸಿಟ್ಟು ಬಂತು. ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ ಎಂದು ಹೋದಾಗ ನನಗೂ ಒಬ್ಬ ಡಾಕ್ಟರು ಹೀಗೆಯೇ ನಕ್ಕು ‘ಓಡೂದು ಬಿಡು, ಮದುವೆ ಮಾಡ್ಕೋ’ ಎಂದಿದ್ದರು.

“ಇದು ಅವಳ ಕೆಲಸ ಸಾರ್. ಆಟ ಅವಳ ಕೆಲಸ. ಕೈಗೆ ಏನಾಗಿದೆ, ಅದನ್ನು ಹೇಳಿ” ಎಂದೆ. ನನ್ನ ದನಿ ಹೊರಗಿನ ಬೆಂಚಿನವರೆಗೆ ಕೇಳಿಸಿರಬೇಕು.

ಅಂದಿನಿಂದ ಅವಳ ಕೈ ನನ್ನ ಜವಾಬ್ದಾರಿಯಾಯಿತು. ಐಸ್ ಇಟ್ಟೆ, ಪಟ್ಟಿ ಕಟ್ಟಿದೆ, ಮಣಿಕಟ್ಟಿಗೂ ಬೆನ್ನಿಗೂ ವ್ಯಾಯಾಮ ಹೇಳಿಕೊಟ್ಟೆ. ಬೆಳಿಗ್ಗೆ ಸಮುದ್ರದ ದಂಡೆಗೆ ಕರೆದುಕೊಂಡು ಹೋದೆ. ಮೊದಲ ವಾರ ಗೊಣಗಿದಳು, ಆಮೇಲೆ ಅವಳೇ ಎಬ್ಬಿಸತೊಡಗಿದಳು. ಹೆಚ್ಚು ಮಾತಿರಲಿಲ್ಲ. ಆದರೆ ನನ್ನ ಪಕ್ಕದಲ್ಲಿ ಇನ್ನೊಬ್ಬರ ಹೆಜ್ಜೆ ಬೀಳುವುದು ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಆ ಮೂರು ತಿಂಗಳು ನಾನು ಖುಷಿಯಾಗಿದ್ದೆ.

ಚಳಿಗಾಲದಲ್ಲಿ ಅವಳ ತಂಡ ಒಂದು ದೊಡ್ಡ ಪಂದ್ಯದ ಕೊನೆಯ ಸುತ್ತಿಗೆ ಬಂತು. ಅವಳು ಹೈದರಾಬಾದಿಗೆ ಹೋದಳು. ನನಗೆ ರಜೆ ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಮೊಬೈಲಿನಲ್ಲಿ ನೋಡಿದೆ. ತೆರೆಯ ತುಂಬ ಓಡುವ ಸಣ್ಣ ಸಣ್ಣ ಸೈನಿಕರು. ಅವರಲ್ಲಿ ನಮ್ಮ ಹುಡುಗಿ ಯಾರು ಎಂದೇ ಗೊತ್ತಾಗಲಿಲ್ಲ. ಒಬ್ಬ ಸತ್ತಾಗ ಮೂಲೆಯಲ್ಲಿ ಅವಳ ಆಟದ ಹೆಸರು ಬಂತು. ಆಗ ತಿಳಿಯಿತು, ಇಷ್ಟು ಹೊತ್ತು ನಾನು ನೋಡುತ್ತಿದ್ದದ್ದು ಅವಳನ್ನೇ.

ತಂಡ ಏಳನೆಯದಾಯಿತು. ಅವಳು ವಾಪಸು ಬಂದ ನಾಲ್ಕನೆಯ ದಿನ ರಾತ್ರಿ ಊಟಕ್ಕೆ ಕೂತಾಗ ಮೊಬೈಲಿಗೆ ಸಂದೇಶ ಬಂತು. ಓದಿ, ಮೊಬೈಲನ್ನು ತಟ್ಟೆಯ ಪಕ್ಕ ಕವುಚಿ ಇಟ್ಟಳು.

“ನನ್ನನ್ನು ತೆಗೆದ್ರು ಅತ್ತೆ. ಕೈ ನಿಧಾನ ಆಗಿದೆಯಂತೆ. ಬೇರೆ ಒಬ್ಬ ಸಿಕ್ಕಿದ್ದಾನಂತೆ.”

“ಫೋನ್ ಮಾಡಿ ಹೇಳಲಿಲ್ವಾ?”

“ಇಲ್ಲ. ಎರಡೇ ಸಾಲು.”

ಯಾರಿಗೂ ಹೇಳದೆ ಇದ್ದದ್ದನ್ನು ಆಗ ಅವಳಿಗೆ ಹೇಳಿದೆ. ಧಾರವಾಡದಲ್ಲಿ ರಾಜ್ಯ ತಂಡದ ಆಯ್ಕೆ ನಡೆದಿತ್ತು. ನನಗಿಂತ ಹಿಂದೆ ಬಂದವಳ ಹೆಸರು ಪಟ್ಟಿಯಲ್ಲಿತ್ತು, ನನ್ನದಿರಲಿಲ್ಲ. ಗೋಡೆಗೆ ಅಂಟಿಸಿದ ಆ ಕಾಗದದ ಎದುರು ಎಷ್ಟು ಹೊತ್ತು ನಿಂತೆನೋ. ಬಸ್ಸು ಅರಬೈಲ ಘಟ್ಟ ಇಳಿಯುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಮನೆಯಲ್ಲಿ, ಕಾಲು ಉಳುಕಿತು, ಓಡಲೇ ಇಲ್ಲ ಎಂದು ಸುಳ್ಳು ಹೇಳಿದೆ. ಅಮ್ಮ ಎಣ್ಣೆ ಬಿಸಿ ಮಾಡಿ ತಂದು, ಏನೂ ಆಗದ ಕಾಲನ್ನು ತಿಕ್ಕಿದಳು.

“ಮರುದಿನ ಏನು ಮಾಡಿದೆ?” ಎಂದು ಇವಳು ಕೇಳಿದಳು.

“ಓಡಿದೆ.”

“ಎಂತಕ್ಕೆ?”

ಮಕ್ಕಳಿಗೆ ಛಲ, ನಿಷ್ಠೆ ಎಂದೆಲ್ಲ ಹೇಳಿ ಅಭ್ಯಾಸವಾದವಳು ನಾನು. ಅವಳೆದುರು ಆ ಮಾತು ಬರಲಿಲ್ಲ. “ಬೆಳಿಗ್ಗೆ ಎದ್ದು ಬೇರೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ” ಎಂದೆ.

ಅವಳು ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಗೆ ಗುಂಡು ಹೊಡೆಯುವ ಸದ್ದು ಶುರುವಾಯಿತು. ಯಾವ ತಂಡವೂ ಇಲ್ಲದೆ, ಯಾರೂ ಹೇಳದೆ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಎರಡೂ ಒಂದೇ ಅಲ್ಲ ಎಂಬ ನನ್ನ ವಾದ ಅಲ್ಲಿಗೆ ಮುಗಿಯಿತು.

ಎರಡು ತಿಂಗಳಿಗೆ ಪುಣೆಯ ಒಂದು ತಂಡ ಕರೆಯಿತು. ಅಲ್ಲಿ ಆಟಗಾರರೆಲ್ಲ ಒಂದೇ ಮನೆಯಲ್ಲಿ ಇರಬೇಕು. ಕೈಗೆ ಕಟ್ಟುವ ಪಟ್ಟಿಯ ಸುರುಳಿಗಳನ್ನು ನಾನೇ ಅವಳ ಬ್ಯಾಗಿಗೆ ಹಾಕಿದೆ. ಮೊದಮೊದಲು ದಿನಾ ಫೋನ್ ಮಾಡುತ್ತಿದ್ದಳು. “ಒಂದೇ ಟೇಬಲ್ಲಿಗೆ ಊಟಕ್ಕೆ ಕೂತ್ಕೊಳ್ತೇವೆ ಅತ್ತೆ, ಮಾತೇ ಇಲ್ಲ” ಎಂದಿದ್ದಳು ಒಮ್ಮೆ. ಈಗ ಅಭ್ಯಾಸ ಹೆಚ್ಚು, ಫೋನ್ ಕಡಿಮೆ.

ಅವಳ ಪಂದ್ಯ ಇದ್ದ ದಿನ ನೋಡುತ್ತೇನೆ. ಅವಳನ್ನು ಗುರುತಿಸಲು ಈಗ ಬರುತ್ತದೆ. ತಿರುಗುವ ಮೊದಲು ಒಂದು ಕ್ಷಣ ನಿಲ್ಲುತ್ತಾಳೆ. ಹೋದ ಭಾನುವಾರ ಆಟದ ಪಕ್ಕದಲ್ಲಿ ನೋಡುವವರೆಲ್ಲ ಏನೇನೋ ಬರೆಯುತ್ತಿದ್ದರು. ನಾನೂ ಕನ್ನಡದಲ್ಲಿ ಒಂದೊಂದೇ ಅಕ್ಷರ ಹುಡುಕಿ ‘ಕೈ ಜೋಪಾನ’ ಎಂದು ಬರೆದು ಕಳಿಸಿದೆ. ಅದು ಕಾಣಿಸಿತು, ಮರುಕ್ಷಣವೇ ಕೆಳಗಿನಿಂದ ಬರುವ ಬೇರೆಯವರ ಮಾತುಗಳಿಗೆ ಮೇಲಕ್ಕೆ ಸರಿಯುತ್ತಾ ಹೋಗಿ ತೆರೆಯಿಂದ ಆಚೆ ದಾಟಿತು.