ಕಾಂಪೌಂಡ್ ನೋಡಲು ತೆರೆದ ಪುಟ

ನ್ಯಾಮತಿ ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ನಡೆಸುವ ಶಾಂತಲಾಳದು ಒಂದೇ ಕಟ್ಟುನಿಟ್ಟು. ಅರ್ಜಿಯೊಳಗಿನ ಲಿಂಕ್ ಒತ್ತಿದಾಗ ಪಕ್ಕದ ಟ್ಯಾಬಿನಲ್ಲಿ ತೆರೆಯುವ ಹೊರಗಿನ ಪುಟವನ್ನು ನೋಡಿದ ಕೂಡಲೇ ಮುಚ್ಚಬೇಕು. ಹೋದ ವರ್ಷ ಹಾಗೆ ತೆರೆದೇ ಉಳಿದಿದ್ದ ಯಾವುದೋ ಪುಟದಲ್ಲಿ ಗಿರಾಕಿಯೊಬ್ಬರ ನಂಬರ್ ತುಂಬಿಬಿಟ್ಟಿದ್ದಳು. ಅವರಿಗೆ ತಿಂಗಳಿಡೀ ಗುರುತಿಲ್ಲದವರ ಕರೆ. ಅಂದಿನಿಂದ, ಮಗು ಬೀದಿಗಿಳಿದೀತೆಂದು ಚಿಲಕ ಹಾಕುವ ಹಾಗೆ, ಅವಳ ಬೆರಳು ತಾನಾಗಿಯೇ ಹೊರಗಿನ ಪುಟ ಮುಚ್ಚುತ್ತಿತ್ತು. ಹಿಂದೆ ಅರ್ಜಿ ಇದ್ದಂತೆಯೇ ಇರುತ್ತಿತ್ತು.

ಸಾಸ್ವೆಹಳ್ಳಿಯ ಭೀಮಕ್ಕ ಬಂದಾಗ ನಾಲ್ಕೂಕಾಲು. ಮೊಮ್ಮಗಳು ಪುಷ್ಪಾಳ ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆ, ಐದು ಗಂಟೆಯವರೆಗೆ. ಸೀಟು ಸಿಗದಿದ್ದರೆ ಓದು ಬಿಡಿಸುವುದೆಂದು ಮನೆಯಲ್ಲಿ ಮಾತಾಗಿಹೋಗಿತ್ತು. ಆದರೂ ಅಜ್ಜಿ ಬರುವ ದಾರಿಯಲ್ಲೇ ಒಂದು ತಗಡಿನ ಟ್ರಂಕ್ ಕೊಂಡು ತಂದಿದ್ದಳು. ಒಟಿಪಿ ಬರುವುದು ಮಗ ಬೈಲಪ್ಪನ ಫೋನಿಗೆ. ಅವನು ಜಗಳೂರಿನ ಕಡೆ ಕೊಯ್ಲಿನ ಮಷೀನ್ ಓಡಿಸುತ್ತಿದ್ದ. ಮೂರನೇ ಕರೆಗೆ ಸಿಕ್ಕಿ ಒಟಿಪಿ ಹೇಳಿದ. ಇನ್ನು ಹೊಲದೊಳಗೆ ಹೋದರೆ ಸಿಗ್ನಲ್ ಇರಲ್ಲ ಎಂದೂ ಹೇಳಿದ.

ಅರ್ಜಿ ತುಂಬಿ ಮುಗಿಯಿತು. ಸಲ್ಲಿಸುವುದೊಂದೇ ಬಾಕಿ.

"ಹಾಸ್ಟೆಲ್ಲಿಗೆ ಕಾಂಪೌಂಡ್ ಐತೇನವ್ವಾ?" ಭೀಮಕ್ಕ ಕೇಳಿದಳು. "ಬೆಳೆದ ಹುಡುಗಿ ನೋಡು."

ಶಾಂತಲಾಳಿಗೂ ಮನೆಯಲ್ಲಿ ಮೂರು ವರ್ಷದ ಮಗಳಿದ್ದಳು. ಆ ಪ್ರಶ್ನೆಯನ್ನು ಹಾಗೇ ಬಿಡಲಾಗಲಿಲ್ಲ. ಹಾಸ್ಟೆಲಿನ ಲಿಂಕ್ ಒತ್ತಿದಳು. ಹೊನ್ನಾಳಿಯ ಕಟ್ಟಡ, ಎತ್ತರದ ಗೋಡೆ, ಹಸಿರು ಗೇಟು. ಭೀಮಕ್ಕ ಬಗ್ಗಿ ನೋಡಿ, ಸಂಜೆ ಬೀಗ ಹಾಕುತ್ತಾರೋ ಇಲ್ಲವೋ ಎಂದು ವಿಚಾರಿಸಿದಳು. ಹಾಕುತ್ತಾರೆ ಎನ್ನುತ್ತಲೇ ಶಾಂತಲಾಳ ಬೆರಳು ಪುಟ ಮುಚ್ಚಿತು.

ಹಿಂದೆ ಏನೂ ಇರಲಿಲ್ಲ. ಆ ವೆಬ್‌ಸೈಟನ್ನು ಈ ಸಲ ಬದಲಿಸಿದ್ದರು. ಲಿಂಕ್ ಪಕ್ಕದಲ್ಲಿ ತೆರೆಯದೆ ಅರ್ಜಿ ಇದ್ದ ಟ್ಯಾಬಿನಲ್ಲೇ ತೆರೆದಿತ್ತು. ಮುಚ್ಚಿದ್ದನ್ನು ವಾಪಸ್ ತಂದಳು. ಅದು ಮತ್ತೆ ಒಟಿಪಿ ಕೇಳಿತು.

ನಾಲ್ಕು ನಲವತ್ತಾರು. ಬೈಲಪ್ಪ ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಒತ್ತಿದಳು. ಮತ್ತೆ ಅದೇ ಹೆಣ್ಣುದನಿ, ಅದೇ ಮಾತು. ಬಿಡದೆ ಒತ್ತುತ್ತಲೇ ಇದ್ದಳು.

ಭೀಮಕ್ಕ ಸೆರಗಿನಿಂದ ಟ್ರಂಕಿನ ಧೂಳು ಒರೆಸುತ್ತಿದ್ದಳು. "ಇದ್ರ ಮ್ಯಾಲೆ ಹೆಸ್ರು ಬರೆಸಾಕೆ ಪೇಂಟ್ರು ಕುಂತವ್ನೆ. ಬರೇ ಪುಷ್ಪಾ ಅಂದ್ರೆ ಸಾಕೋ, ಅವ್ರಪ್ಪನ ಹೆಸ್ರೂ ಬೇಕೋ?"

ಶಾಂತಲಾ ಗಡಿಯಾರ ನೋಡಿದಳು. ಐದಕ್ಕೆ ಎರಡು ನಿಮಿಷ.

"ಹೆಸ್ರು ಈಗ್ಲೇ ಬರೆಸ್ಬೇಡ್ರಿ, ಭೀಮಕ್ಕಾ," ಎಂದಳು.